ಆಲಿಸ್ ಹ್ಯಾಮಿಲ್ಟನ್

ಆಲಿಸ್ ಹ್ಯಾಮಿಲ್ಟನ್ (ಫೆಬ್ರವರಿ 27, 1869 – ಸೆಪ್ಟೆಂಬರ್ 22, 1970) ಅಮೆರಿಕದ ವೈದ್ಯೆ ಹಾಗೂ ಔದ್ಯೋಗಿಕ ಆರೋಗ್ಯ ವಿಜ್ಞಾನದ ಪ್ರವರ್ತಕರಲ್ಲಿ ಒಬ್ಬರು. ಸೀಸ ಮೊದಲಾದ ವಿಷಲೋಹಗಳಿಂದ ಕಾರ್ಮಿಕರಿಗೆ ಉಂಟಾಗುವ ರೋಗಗಳನ್ನು ಕಾರ್ಖಾನೆಗಳಿಗೇ ಹೋಗಿ ಪರಿಶೀಲಿಸಿದವರೆಂದು ಪ್ರಸಿದ್ಧರು.

ಜನನ, ವಿದ್ಯಾಭ್ಯಾಸ

ನ್ಯೂಯಾರ್ಕ್ ನಗರದಲ್ಲಿ ಜನಿಸಿದ ಇವರು ಇಂಡಿಯಾನಾ ರಾಜ್ಯದ ಫೋರ್ಟ್ ವೇನ್‌ನಲ್ಲಿ ಬೆಳೆದರು. ಗ್ರೀಕ್ ಪುರಾಣಗಳ ಲೇಖಕಿ ಎಡಿತ್ ಹ್ಯಾಮಿಲ್ಟನ್ ಇವರ ಅಕ್ಕ. 1893ರಲ್ಲಿ ಮಿಶಿಗನ್ ವಿಶ್ವವಿದ್ಯಾಲಯದಿಂದ ವೈದ್ಯ ಪದವಿ ಪಡೆದು, ಜರ್ಮನಿಯಲ್ಲಿ ಹೆಚ್ಚಿನ ವ್ಯಾಸಂಗ ಮಾಡಿದರು. 1897ರಲ್ಲಿ ಷಿಕಾಗೋ ನಗರಕ್ಕೆ ಬಂದು ರೋಗಶಾಸ್ತ್ರದ ಅಧ್ಯಾಪಕಿಯಾದರು. ಅಲ್ಲಿ ಜೇನ್ ಆಡಮ್ಸ್ ಅವರ ಹಲ್ ಹೌಸ್ ಸೇವಾಕೇಂದ್ರದಲ್ಲಿ ನೆಲೆಸಿದಾಗ, ನೆರೆಯ ವಲಸೆ ಕಾರ್ಮಿಕರ ಕಾಯಿಲೆಗಳ ಪರಿಚಯವಾಯಿತು.

ಸೀಸದ ಸಮೀಕ್ಷೆ

1910ರಲ್ಲಿ ಇಲಿನಾಯ್ ರಾಜ್ಯವು ಕೈಗೊಂಡ ಔದ್ಯೋಗಿಕ ರೋಗಗಳ ಸಮೀಕ್ಷೆಯನ್ನು ಹ್ಯಾಮಿಲ್ಟನ್ ಮುನ್ನಡೆಸಿದರು. ಕಾರ್ಖಾನೆಗಳನ್ನು ನೋಡುವುದರ ಜೊತೆಗೆ ಆಸ್ಪತ್ರೆಯ ದಾಖಲೆಗಳನ್ನು ಪರಿಶೀಲಿಸಿ, ಕಾರ್ಮಿಕರ ಮನೆಗಳಿಗೂ ಹೋದರು. ಸ್ನಾನದ ತೊಟ್ಟಿಗಳಿಗೆ ಎನಾಮಲ್ ಲೇಪಿಸುವ ಕೆಲಸಗಾರನೊಬ್ಬನಲ್ಲಿ ಸೀಸವಿಷದ ಲಕ್ಷಣಗಳಿದ್ದವು; ಆದರೆ ಕಾರ್ಖಾನೆಯಲ್ಲಿ ಸೀಸದ ಸುಳಿವೇ ಕಾಣಲಿಲ್ಲ. ಇವರಿಗೆ ತೋರಿಸಿದ್ದು ಕೊನೆಯ ಹಂತದ ಕೆಲಸ ಮಾತ್ರವೆಂದು ಕಾರ್ಮಿಕರಿಂದ ತಿಳಿಯಿತು. ಎನಾಮಲ್ ಪುಡಿಯನ್ನು ಪರೀಕ್ಷಿಸಿದಾಗ ಅದರಲ್ಲಿ ಶೇಕಡಾ 20ರವರೆಗೆ ಸೀಸವಿತ್ತು.

ಕಾರ್ಮಿಕರು ಕೈ ತೊಳೆಯದೆ ಉಣ್ಣುವುದೇ ರೋಗಕ್ಕೆ ಕಾರಣವೆಂದು ಮಾಲೀಕರು ವಾದಿಸುತ್ತಿದ್ದರು. ಮುಖ್ಯ ಕಾರಣ ಉಸಿರಿನೊಡನೆ ದೇಹವನ್ನು ಸೇರುವ ಧೂಳು ಮತ್ತು ಲೋಹದ ಹೊಗೆ ಎಂದು ಹ್ಯಾಮಿಲ್ಟನ್ ತೋರಿಸಿಕೊಟ್ಟರು. ಇದರಿಂದ ರೋಗ ತಡೆಯುವ ಹೊಣೆ ಮಾಲೀಕರ ಮೇಲೂ ಬಿದ್ದಿತು. 1911ರ ಇಲಿನಾಯ್ ಕಾನೂನು ಅಪಾಯಕರ ಕೆಲಸಗಳಲ್ಲಿ ರಕ್ಷಣಾ ಕ್ರಮಗಳನ್ನೂ ತಿಂಗಳಿಗೊಮ್ಮೆ ವೈದ್ಯಕೀಯ ತಪಾಸಣೆಯನ್ನೂ ಕಡ್ಡಾಯಗೊಳಿಸಿತು. ಅದೇ ವರ್ಷ ಹ್ಯಾಮಿಲ್ಟನ್ ಕೇಂದ್ರ ಸರ್ಕಾರದ ವಿಶೇಷ ತನಿಖಾಧಿಕಾರಿಯಾದರು.

ಹಾರ್ವರ್ಡ್‌ನಲ್ಲಿ

1919ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ಮೊದಲ ಮಹಿಳಾ ಪ್ರಾಧ್ಯಾಪಕರಾಗಿ ನೇಮಕಗೊಂಡರು. ಪದವಿ ಪ್ರದಾನದ ಮೆರವಣಿಗೆಯಲ್ಲಿ ನಡೆಯಬಾರದು, ಅಧ್ಯಾಪಕರ ಕ್ಲಬ್ ಪ್ರವೇಶಿಸಬಾರದು ಎಂಬ ನಿರ್ಬಂಧಗಳಿದ್ದವು. 1935ರಲ್ಲಿ ನಿವೃತ್ತರಾಗುವವರೆಗೂ ಸಹಾಯಕ ಪ್ರಾಧ್ಯಾಪಕರಾಗಿಯೇ ಉಳಿದರು. ಪೆಟ್ರೋಲಿಗೆ ಸೀಸ ಬೆರೆಸುವುದನ್ನು 1925ರಲ್ಲಿಯೇ ವಿರೋಧಿಸಿದ್ದರು. 1943ರಲ್ಲಿ ಇವರ ಆತ್ಮಕಥೆ ಪ್ರಕಟವಾಯಿತು.

ನಿಧನ ಮತ್ತು ಪ್ರಭಾವ

ಹ್ಯಾಮಿಲ್ಟನ್ 101ನೆಯ ವಯಸ್ಸಿನಲ್ಲಿ ಕನೆಕ್ಟಿಕಟ್ ರಾಜ್ಯದಲ್ಲಿ ನಿಧನರಾದರು. ಅದೇ ವರ್ಷದ ಡಿಸೆಂಬರ್‌ನಲ್ಲಿ ಅಮೆರಿಕದ ಔದ್ಯೋಗಿಕ ಸುರಕ್ಷತೆ ಮತ್ತು ಆರೋಗ್ಯ ಕಾಯಿದೆಗೆ ಅಂಕಿತ ಬಿದ್ದಿತು. ಇಂದು ವೆಲ್ಡಿಂಗ್ ಕೆಲಸಗಾರರ ಕೊರಳಪಟ್ಟಿಗೆ ಗಾಳಿಯ ಮಾದರಿ ಸಂಗ್ರಹಿಸುವ ಶೋಧಕವನ್ನು ಸಿಕ್ಕಿಸಿ, ಅವರು ಉಸಿರಾಡುವ ಹೊಗೆಯಲ್ಲಿರುವ ಮ್ಯಾಂಗನೀಸ್, ಕ್ರೋಮಿಯಂ, ನಿಕಲ್‌ಗಳ ಪ್ರಮಾಣವನ್ನು ಅಳೆಯುತ್ತಾರೆ. ಅಗತ್ಯವಿದ್ದಲ್ಲಿ ರಕ್ತ, ಮೂತ್ರಗಳನ್ನೂ ಪರೀಕ್ಷಿಸುತ್ತಾರೆ. ಕಾರ್ಮಿಕನು ಉಸಿರಾಡುವ ಗಾಳಿಯನ್ನೇ ಮೊದಲು ಪರಿಶೀಲಿಸಬೇಕೆಂಬ ಹ್ಯಾಮಿಲ್ಟನ್ ಅವರ ನಿಲುವು ಈ ಕ್ರಮದಲ್ಲಿ ಮುಂದುವರಿದಿದೆ.