ಮಗ್ಗಿ ಲೆಕ್ಕದಿಂದ ಕನ್ನಂಬಾಡಿ ಕಟ್ಟೆಯವರೆಗೆ: ಸರ್ ಎಂ. ವಿಶ್ವೇಶ್ವರಯ್ಯ



ಮೇಚೇರಿಗೆ ಮೆಟ್ಟೂರು ಅಣೆಕಟ್ಟು ಹತ್ತಿರ. ಮಳೆಗಾಲ ಶುರುವಾದರೆ ಸಾಕು, ಅಣೆಯಲ್ಲಿ ಎಷ್ಟು ಅಡಿ ನೀರು ನಿಂತಿದೆ, ಎಷ್ಟು ಕ್ಯುಸೆಕ್ ಬರುತ್ತಿದೆ ಎಂದು ನಮ್ಮ ಕಡೆ ಎಲ್ಲರೂ ಕೇಳುತ್ತಾರೆ. ಮೆಟ್ಟೂರು ತುಂಬಿತೆಂದರೆ 120 ಅಡಿ. ಮೇಲೆ ಕನ್ನಂಬಾಡಿ ತುಂಬಿತೆಂದರೆ 124 ಅಡಿ ಚಿಲ್ಲರೆ. ಕನ್ನಂಬಾಡಿಯ ಅಂಕಿಯ ಹಿಂದೆ, ಶಾಲೆಯಲ್ಲಿ ಕಲಿತ ಲೆಕ್ಕವನ್ನೇ ಜೀವಮಾನವಿಡೀ ಕೆಲಸಕ್ಕೆ ಹಚ್ಚಿದ ಒಬ್ಬ ಮಹನೀಯರಿದ್ದಾರೆ. ಸೆಪ್ಟೆಂಬರ್ 15, ಅವರ ಹುಟ್ಟುಹಬ್ಬ, ದೇಶಕ್ಕೆಲ್ಲ ಎಂಜಿನಿಯರುಗಳ ದಿನ. ಈ ಸಲ ಅವರ ಬದುಕನ್ನು ಲೆಕ್ಕದ ಕಡೆಯಿಂದ ನೋಡೋಣ.

ವಿಶ್ವೇಶ್ವರಯ್ಯನವರು ಹುಟ್ಟಿದ್ದು ಚಿಕ್ಕಬಳ್ಳಾಪುರದ ಹತ್ತಿರದ ಮುದ್ದೇನಹಳ್ಳಿಯಲ್ಲಿ. ಚಿಕ್ಕ ವಯಸ್ಸಿನಲ್ಲೇ ತಂದೆ ತೀರಿಕೊಂಡರು. ಬೆಂಗಳೂರಿನಲ್ಲಿ ಓದುವಾಗ ಮನೆಪಾಠ ಹೇಳಿ ಖರ್ಚು ನಿಭಾಯಿಸಿಕೊಂಡರು. ಕೈಗೆ ಬಂದ ದುಡ್ಡು ಇಷ್ಟು, ತಿಂಗಳಿಗೆ ಬೇಕಾದದ್ದು ಇಷ್ಟು ಎಂಬ ಲೆಕ್ಕ ಅವರಿಗೆ ಪುಸ್ತಕಕ್ಕಿಂತ ಮೊದಲು ಬದುಕಿನಲ್ಲೇ ಪಾಠವಾಯಿತು. 1881ರಲ್ಲಿ ಸೆಂಟ್ರಲ್ ಕಾಲೇಜಿನಿಂದ ಬಿ.ಎ. ಮುಗಿಸಿ, ಮೈಸೂರು ಸರ್ಕಾರದ ವಿದ್ಯಾರ್ಥಿವೇತನದ ಮೇಲೆ ಪುಣೆಗೆ ಹೋದರು. 1883ರಲ್ಲಿ ಎಂಜಿನಿಯರಿಂಗ್ ಪರೀಕ್ಷೆಯಲ್ಲಿ ಮೊದಲಿಗರಾಗಿ, ಮರುವರ್ಷ ಮುಂಬಯಿ ಪ್ರಾಂತದ ಲೋಕೋಪಯೋಗಿ ಇಲಾಖೆ ಸೇರಿದರು.

ಪುಣೆಯ ಬಳಿಯ ಖಡಕ್‌ವಾಸಲಾ ಕೆರೆಯ ಕೆಲಸ ನೋಡಿ. ಕೆರೆಯೆಂದರೆ ಬಾಣಲೆಯ ಹಾಗೆ: ತಳ ಕಿರಿದು, ಬಾಯಿ ಅಗಲ. ತಳದ ಒಂದು ಅಡಿಗಿಂತ ಮೇಲಿನ ಒಂದು ಅಡಿಯಲ್ಲಿ ಎಷ್ಟೋ ಪಾಲು ಹೆಚ್ಚು ನೀರು ಹಿಡಿಯುತ್ತದೆ. ಅಲ್ಲಿ ಆ ಮೇಲಿನ ನೀರೇ ಕೋಡಿಯ ಮೇಲೆ ಹರಿದು ಹೋಗುತ್ತಿತ್ತು. ಕಟ್ಟೆಯನ್ನು ಎತ್ತರಿಸಲು ಹೋಗದೆ, ಅವರು ಕೋಡಿಗೆ ತಮ್ಮಷ್ಟಕ್ಕೆ ತೆರೆದು ಮುಚ್ಚಿಕೊಳ್ಳುವ ಬಾಗಿಲುಗಳನ್ನು ರೂಪಿಸಿದರು. 1903ರಲ್ಲಿ ಅವು ಕೆಲಸಕ್ಕೆ ಬಂದವು. ಅದೇ ಕಟ್ಟೆ, ಹೆಚ್ಚು ನೀರು.

ಕಾಲುವೆ ಕೆಳಗಿನ ರೈತರಿಗೆ ಅವರು ಸೂಚಿಸಿದ ಬ್ಲಾಕ್ ಪದ್ಧತಿಯಲ್ಲಿಯೂ ಇಂಥದೇ ಲೆಕ್ಕವಿತ್ತು. ಜಮೀನನ್ನು ಭಾಗ ಮಾಡಿ, ಕಬ್ಬಿನಂಥ ಹೆಚ್ಚು ನೀರಿನ ಬೆಳೆ ಒಂದು ಭಾಗದಲ್ಲಿ ಮಾತ್ರ, ಉಳಿದದ್ದರಲ್ಲಿ ಕಡಿಮೆ ನೀರಿನ ಬೆಳೆ, ಸರದಿಯ ಮೇಲೆ ಬದಲಾವಣೆ. ಇರುವ ನೀರನ್ನು ಹೆಚ್ಚು ಮಂದಿಗೆ ಹಂಚುವ ಭಾಗಾಕಾರ ಅದು.

1909ರಲ್ಲಿ ಮೈಸೂರಿನ ಮುಖ್ಯ ಎಂಜಿನಿಯರ್ ಆಗಿ ಬಂದ ಅವರು ಕನ್ನಂಬಾಡಿ ಯೋಜನೆಯನ್ನು ಕೈಗೆತ್ತಿಕೊಂಡರು. ಖರ್ಚು ಕೋಟಿಗಟ್ಟಲೆ, ಸರ್ಕಾರದೊಳಗೇ ಹಿಂಜರಿಕೆ. ಕೋಲಾರದ ಚಿನ್ನದ ಗಣಿಗೆ ಶಿವನಸಮುದ್ರದಿಂದ ವರ್ಷಪೂರ್ತಿ ವಿದ್ಯುತ್ ಕೊಟ್ಟರೆ ಎಷ್ಟು ಆದಾಯ, ಮಂಡ್ಯದ ಕಡೆ ಎಷ್ಟು ಎಕರೆ ನೀರಾವರಿ, ಎಲ್ಲವನ್ನೂ ಕೂಡಿ ಕಳೆದು ಮುಂದಿಟ್ಟರು. 1911ರಲ್ಲಿ ಕೆಲಸ ಆರಂಭವಾಯಿತು.

ಅಷ್ಟರಲ್ಲಿ ಮದ್ರಾಸು ಸರ್ಕಾರದ ಆಕ್ಷೇಪಣೆ. ತಂಜಾವೂರಿನ ಗದ್ದೆಗಳಿಗೆ ನೀರು ಕಡಿಮೆಯಾದೀತೆಂಬ ಅವರ ಭಯವೂ ಸುಮ್ಮನೆ ಹುಟ್ಟಿದ್ದಲ್ಲ. ಸದ್ಯಕ್ಕೆ 80 ಅಡಿಯ ಕಟ್ಟೆಗಷ್ಟೇ ಒಪ್ಪಿಗೆ ಸಿಕ್ಕಿತು. ಆದರೆ ನೀರಿನ ಎತ್ತರ ಎರಡು ಪಟ್ಟಾದರೆ ಕಟ್ಟೆಯ ಮೇಲಿನ ಒತ್ತಡ ನಾಲ್ಕು ಪಟ್ಟಾಗುತ್ತದೆ. 80 ಅಡಿಗೆ ಸಾಲುವ ಬುಡದ ಮೇಲೆ ನಾಳೆ 124 ಅಡಿ ನಿಲ್ಲಿಸಲಾಗದು. ಹಾಗಾಗಿ ಬುನಾದಿಯನ್ನು ಪೂರ್ತಿ ಎತ್ತರಕ್ಕೇ ಹಾಕಿಸಿದರು. ಅದೂ ತಕರಾರಿಗೆ ಕಾರಣವಾಯಿತು. 1914ರ ಮಧ್ಯಸ್ಥಿಕೆ ತೀರ್ಪನ್ನು ಮದ್ರಾಸು ಒಪ್ಪದೆ, ವಿಷಯ ಲಂಡನ್ನಿನವರೆಗೂ ಹೋಯಿತು.

1912ರಿಂದ 1918ರವರೆಗೆ ಅವರು ದಿವಾನರು. ಅವರು ಆ ಹುದ್ದೆ ಬಿಟ್ಟ ಮೇಲೆ, 1924ರಲ್ಲಿ, ಎರಡು ಸರ್ಕಾರಗಳ ನಡುವೆ ಒಪ್ಪಂದವಾಯಿತು. ಮೇಲೆ ಕನ್ನಂಬಾಡಿ ಪೂರ್ತಿ ಎತ್ತರಕ್ಕೆ ಏರಲು ದಾರಿಯಾಯಿತು. ಕೆಳಗೆ ಮದ್ರಾಸಿನ ಎಂಜಿನಿಯರುಗಳು ಮೆಟ್ಟೂರು ಕಟ್ಟಿ 1934ರಲ್ಲಿ ಮುಗಿಸಿದರು. ಅಂದರೆ ನಮ್ಮ ಮನೆಯ ಪಕ್ಕದ ಅಣೆಯೂ ಅದೇ ಒಪ್ಪಂದದ ಕೂಸು.

ಈ ಅಣೆಯ ಲೆಕ್ಕವನ್ನು ನಾವೂ ಮಾಡಬಹುದು. ಒಂದು ಕ್ಯುಸೆಕ್ ಎಂದರೆ ಸೆಕೆಂಡಿಗೆ ಒಂದು ಘನ ಅಡಿ ನೀರು. ದಿನಕ್ಕೆ 86,400 ಸೆಕೆಂಡು. ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ. ಭಾಗಿಸಿ ನೋಡಿ: ದಿನವಿಡೀ 11,574 ಕ್ಯುಸೆಕ್ ಹರಿದರೆ ಒಂದು ಟಿಎಂಸಿ. ಮೆಟ್ಟೂರು ಹಿಡಿಯುವುದು 93.47 ಟಿಎಂಸಿ. ದಿನಕ್ಕೆ 23,000 ಕ್ಯುಸೆಕ್ ಬಂದು, ಒಂದು ಹನಿಯನ್ನೂ ಬಿಡದಿದ್ದರೆ, ಬರಿದಾದ ಅಣೆ ತುಂಬಲು ಸುಮಾರು 47 ದಿನ ಬೇಕು. ಏಳನೆಯ ತರಗತಿಯ ಮಗು ಮಾಡುವ ಲೆಕ್ಕ ಇದು. ಇದು ಗೊತ್ತಿದ್ದರೆ, ನೀರಿನ ವಿಷಯ ಕಾವೇರಿದ ದಿನಗಳಲ್ಲಿ ಯಾರೋ ಕೂಗಿದ ಅಂಕಿಗೆ ನಾವು ಬೆಚ್ಚಿಬೀಳಬೇಕಿಲ್ಲ. ಮೇಲಿನವರ ಭಾಷೆ ಆಡುತ್ತ ಕೆಳಗಿನ ನೀರು ಕುಡಿಯುವ ನಮಗೆ ಈ ತಿಳಿವು ಉಳಿದವರಿಗಿಂತ ಹೆಚ್ಚು ಅಗತ್ಯ.

ಎಕರೆ, ರೂಪಾಯಿಗಳ ಲೆಕ್ಕಕ್ಕೆ ಸಿಗದ ಸಂಗತಿಗಳೂ ಇವೆ. ಹಳೆಯ ಕನ್ನಂಬಾಡಿ ಊರು ನೀರಿನಡಿ ಹೋಯಿತು. ಮೆಟ್ಟೂರಿನ ನೀರು ಇಳಿದಾಗ ಪಣ್ಣವಾಡಿಯ ನಂದಿ, ಚರ್ಚಿನ ಗೋಪುರ ಇಂದಿಗೂ ತಲೆ ಎತ್ತುತ್ತವೆ. ಅಲ್ಲಿಂದ ಎದ್ದು ಹೋದ ಕುಟುಂಬಗಳ ನಷ್ಟವನ್ನು ಲಾಭದ ಪಟ್ಟಿಯ ಪಕ್ಕದಲ್ಲೇ ಬರೆದುಕೊಳ್ಳಬೇಕು.

ನಿವೃತ್ತಿಯ ಮೇಲೂ ಅವರು ಲೆಕ್ಕ ಬಿಡಲಿಲ್ಲ. 1923ರಿಂದ ಭದ್ರಾವತಿ ಕಬ್ಬಿಣದ ಕಾರ್ಖಾನೆಯ ಹೊಣೆ ಹೊತ್ತರು. ಮೆಟ್ಟೂರು ಮುಗಿದ ವರ್ಷವೇ ದೇಶದ ಆರ್ಥಿಕ ಯೋಜನೆಯ ಬಗ್ಗೆ ಅವರ ಇಂಗ್ಲಿಷ್ ಪುಸ್ತಕ ಬಂತು. 1955ರಲ್ಲಿ ಭಾರತರತ್ನ. 1962ರ ಏಪ್ರಿಲ್‌ನಲ್ಲಿ, ನೂರು ದಾಟಿದ ತುಂಬು ಬಾಳಿನ ನಂತರ, ಅವರು ತೀರಿಕೊಂಡರು.

ಈ ಮಳೆಗಾಲದಲ್ಲಿ ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಪತ್ರಿಕೆಯ ಅಣೆ ಅಂಕಿಗಳನ್ನು ಕನ್ನಡದಲ್ಲಿ ಓದಿಸಿ, ಟಿಎಂಸಿ ಲೆಕ್ಕ ಹಾಕಿಸಿ. ಮಗ್ಗಿಯೂ ಉಳಿಯುತ್ತದೆ, ನುಡಿಯೂ ಉಳಿಯುತ್ತದೆ.