ದುಡಿಯುವವರ ಗುರು ದೋನ್ ಹೊಸೆ ಮರಿಯಾ

ಶಾಲೆಯೊಂದನ್ನು ಕಟ್ಟಿ, ಅದರಲ್ಲಿ ಕಲಿತ ಹುಡುಗರ ಮೂಲಕ ಒಂದು ಪಟ್ಟಣದ ಜೀವನಕ್ರಮವನ್ನೇ ಬದಲಾಯಿಸಿದ ಗುರುಗಳ ಚರಿತ್ರೆಗಳು ನಮ್ಮ ನಾಡಿನ ಮಠಗಳ ಸದ್ಭಕ್ತರಿಗೆ ಅಪರಿಚಿತವಾದುವಲ್ಲ. ಅಂತಹ ಒಬ್ಬ ಗುರುವಿನ, ಆದರೆ ದೂರದ ಸ್ಪೇನ್ ದೇಶದ ಕ್ರೈಸ್ತ ಪಾದ್ರಿಯೊಬ್ಬರ ಜೀವನವೃತ್ತಾಂತವನ್ನು ಈ ಮಹೋತ್ಸವ ಸಂಪುಟದ ವಾಚಕರ ಮುಂದಿರಿಸಲು ಬಯಸುತ್ತೇನೆ. ಅವರ ಹೆಸರು ಹೊಸೆ ಮರಿಯಾ ಅರಿಸ್ಮೆಂದಿಯರ್ರಿಯೆತಾ. ನಮ್ಮ ನಾಲಗೆಗೆ ಕಠಿನವಾದ ಈ ಹೆಸರನ್ನು ಅವರ ದೇಶದವರೇ ಮೊಟಕುಗೊಳಿಸಿದ್ದರು; ಊರಿನವರಂತೂ ದೋನ್ ಹೊಸೆ ಮರಿಯಾ ಎಂದೇ ಕರೆಯುತ್ತಿದ್ದರು. ನಾವೂ ಹಾಗೆಯೇ ಕರೆಯೋಣ.

ಸ್ಪೇನ್ ದೇಶದ ಉತ್ತರಭಾಗದಲ್ಲಿ ಬಾಸ್ಕ್ ಎಂಬ ಜನಾಂಗವಿದೆ. ಅವರ ಭಾಷೆ ಸುತ್ತಲಿನ ಯಾವ ಭಾಷೆಗೂ ಸಂಬಂಧಪಟ್ಟುದಲ್ಲ. ಗುಡ್ಡಗಾಡಿನ ನೆಲ, ಕಬ್ಬಿಣದ ಕಸುಬು, ಸ್ವಾಭಿಮಾನದ ನಡೆ. ಈ ಸೀಮೆಯ ಮಾರ್ಕಿನಾ ಎಂಬ ಊರಿಗೆ ಸೇರಿದ ಬಾರಿನಾಗಾ ಎಂಬ ಹಳ್ಳಿಯ ಒಕ್ಕಲುಮನೆಯಲ್ಲಿ 1915ನೆಯ ಇಸವಿ ಏಪ್ರಿಲ್ 22ರಂದು ದೋನ್ ಹೊಸೆ ಮರಿಯಾ ಜನಿಸಿದರು. ಮೂರು ವರ್ಷದ ಕೂಸಾಗಿದ್ದಾಗ ಅಪಘಾತವೊಂದರಲ್ಲಿ ಎಡಗಣ್ಣಿನ ದೃಷ್ಟಿ ಹೋಯಿತು. ನಾಲ್ವರು ಮಕ್ಕಳಲ್ಲಿ ಹಿರಿಯರಾದುದರಿಂದ, ಆ ಸೀಮೆಯ ಪದ್ಧತಿಯಂತೆ ಹೊಲಮನೆಗಳ ಹಕ್ಕು ಇವರಿಗೇ ಸಲ್ಲತಕ್ಕುದಾಗಿತ್ತು. ಆ ಹಕ್ಕನ್ನು ಬಿಟ್ಟುಕೊಟ್ಟು ಬಾಲ್ಯದಲ್ಲಿಯೇ ಪಾದ್ರಿಗಳ ವಿದ್ಯಾಪೀಠವನ್ನು ಸೇರಿದರು. ಒಡೆತನದ ವಿಚಾರದಲ್ಲಿ ಮುಂದೆ ಲೋಕಕ್ಕೆ ಹೊಸದೊಂದು ದಾರಿಯನ್ನು ತೋರಿಸಬೇಕಾಗಿದ್ದವರು ಮೊದಲು ಬಿಟ್ಟದ್ದು ತಮ್ಮ ಒಡೆತನವನ್ನೇ.

1936ರಲ್ಲಿ ಸ್ಪೇನಿನಲ್ಲಿ ಅಂತರ್ಯುದ್ಧವು ಹೊತ್ತಿಕೊಂಡಿತು. ಕಣ್ಣಿನ ಊನದಿಂದ ರಣರಂಗಕ್ಕೆ ಯೋಗ್ಯರಲ್ಲದ ಈ ತರುಣರನ್ನು ಬಾಸ್ಕ್ ಸರ್ಕಾರದವರು ಪತ್ರಿಕೆಯ ಕೆಲಸಕ್ಕೆ ಹಚ್ಚಿದರು. ಬಾಸ್ಕ್ ಭಾಷೆಯ ಮೊದಲ ದಿನಪತ್ರಿಕೆಯಾದ ಎಗುನಾದಲ್ಲಿ ಅವರು ಬರೆದರು. 1937ರ ಜೂನ್ ತಿಂಗಳಲ್ಲಿ ಬಿಲ್ಬಾವೊ ನಗರವು ಸೇನಾನಿ ಫ್ರಾಂಕೋನ ಕೈಸೇರಿದ ಬಳಿಕ ಸೆರೆಮನೆ, ವಿಚಾರಣೆ ಎಲ್ಲವೂ ಆದುವು. ಆ ಕಾಲದಲ್ಲಿ ಬರೆಹದ ಅಪರಾಧಕ್ಕಾಗಿ ಗುಂಡಿಗೆ ಎದೆಯೊಡ್ಡಿದವರಿದ್ದರು. ಇವರು ಬದುಕಿ ಹೊರಬಂದರು. ಸೋತ ಜನರ ನಡುವೆ ಬದುಕಿ ಉಳಿದವನ ಹೊಣೆಯೇನೆಂಬ ಪ್ರಶ್ನೆಯು ಆಮೇಲೆ ಅವರನ್ನು ಬಿಡಲಿಲ್ಲವೆಂದು ಅವರ ನಡವಳಿಕೆಯಿಂದಲೇ ನಾವು ಊಹಿಸಬಹುದು. 1940ರ ಕೊನೆಯಲ್ಲಿ ಪಾದ್ರಿದೀಕ್ಷೆಯಾಯಿತು. ಬೆಲ್ಜಿಯಂ ದೇಶದ ಲೂವೆನ್ ವಿಶ್ವವಿದ್ಯಾಲಯಕ್ಕೆ ಹೋಗಿ ಸಮಾಜಶಾಸ್ತ್ರವನ್ನು ಓದಬೇಕೆಂಬುದು ಅವರ ಇಚ್ಛೆ. ಬಿಷಪ್ಪರು ಒಪ್ಪದೆ ಮೊಂದ್ರಗೋನ್ ಎಂಬ ಪಟ್ಟಣಕ್ಕೆ ಕಿರಿಯ ಪಾದ್ರಿಯಾಗಿ ಕಳುಹಿಸಿದರು. 1941ರ ಫೆಬ್ರವರಿಯಲ್ಲಿ ಅಲ್ಲಿಗೆ ಬಂದವರು ಮರಣದವರೆಗೆ ಮೂವತ್ತೈದು ವರ್ಷ ಅಲ್ಲಿಯೇ ನಿಂತರು.

ಮೊಂದ್ರಗೋನ್ ಎಂಟು ಸಾವಿರ ಜನವಸತಿಯ ಪಟ್ಟಣ. ಕಬ್ಬಿಣದ ಕೆಲಸಕ್ಕೆ ಪುರಾತನಕಾಲದಿಂದಲೂ ಹೆಸರಾದುದು. ಊನಿಯೋನ್ ಸೆರ್ರಾಹೆರಾ ಎಂಬ ಬೀಗಗಳ ದೊಡ್ಡ ಕಾರ್ಖಾನೆಯೊಂದು ಇಡೀ ಊರಿಗೆ ಅನ್ನದಾತನಂತಿತ್ತು. ಯುದ್ಧದ ಗಾಯ ಇನ್ನೂ ಆರಿರಲಿಲ್ಲ: ಊರಿನವರಲ್ಲಿ ಎಷ್ಟೋ ಮಂದಿ ಸತ್ತಿದ್ದರು, ಎಷ್ಟೋ ಮಂದಿ ಸೆರೆಯಲ್ಲಿದ್ದರು, ಹಸಿವು, ಕ್ಷಯರೋಗ, ಮನೆಗಳ ಅಭಾವ. ಕಾರ್ಖಾನೆಯವರು ನಡೆಸುತ್ತಿದ್ದ ಕಸುಬಿನ ಶಾಲೆಯಲ್ಲಿ ಅಲ್ಲಿನ ನೌಕರರ ಮಕ್ಕಳಿಗೇ ಮುಖ್ಯವಾಗಿ ಪ್ರವೇಶ. ಹೊಸ ಪಾದ್ರಿಗಳು ಅಲ್ಲಿ ಪಾಠ ಹೇಳತೊಡಗಿ, ಊರಿನ ಎಲ್ಲ ಬಡಹುಡುಗರಿಗೂ ಶಾಲೆಯನ್ನು ತೆರೆಯಬೇಕೆಂದು ಕೇಳಿಕೊಂಡರು. ಕಾರ್ಖಾನೆಯವರು ಒಪ್ಪಲಿಲ್ಲ.

ಇವರು ವಾಗ್ಮಿಗಳಾಗಿರಲಿಲ್ಲ ಎಂಬುದನ್ನು ಇಲ್ಲಿ ಹೇಳಬೇಕು. ಧರ್ಮೋಪದೇಶ ಮಾಡಲು ನಿಂತರೆ ಏರಿಳಿತವಿಲ್ಲದ ಧ್ವನಿ, ಕೇಳುವವರಿಗೆ ಬೇಸರ. ಬೇರೆ ಪಾದ್ರಿಯನ್ನು ಕೊಡಿರೆಂದು ಕೇಳುವ ಮನಸ್ಸು ಊರಿನವರಿಗೆ ಮೊದಲು ಬಂದಿದ್ದರೆ ಆಶ್ಚರ್ಯವಿಲ್ಲ. ಆದರೆ ನಾಲ್ಕು ಹುಡುಗರನ್ನು ಸುತ್ತ ಕೂಡಿಸಿಕೊಂಡು ಮಾತನಾಡತೊಡಗಿದರೆ ಹೊತ್ತು ಹೋದುದೇ ತಿಳಿಯುತ್ತಿರಲಿಲ್ಲವಂತೆ. ಇಂತಹ ಕೂಟಗಳನ್ನು ಅವರು ವರ್ಷಗಟ್ಟಲೆ ನಡೆಯಿಸಿದರು. ಕಾಲ್ಚೆಂಡಿನ ಆಟದ ಬಯಲನ್ನೂ ಮಾಡಿಸಿದರು. ತರುವಾಯ ಊರಿನ ಬೀದಿಗಳ ಮೂಲೆಯಲ್ಲಿ ಪೆಟ್ಟಿಗೆಗಳನ್ನಿಡಿಸಿ, ಹೊಸ ಶಾಲೆಗೆ ಯಾರು ಏನನ್ನು ಕೊಡಬಲ್ಲರು, ಹಣವೋ ಮೈದುಡಿಮೆಯೋ, ಎಂಬುದನ್ನು ಚೀಟಿಯಲ್ಲಿ ಬರೆದು ಹಾಕುವಂತೆ ಕೇಳಿದರು. ಆರುನೂರರಷ್ಟು ಚೀಟಿಗಳು ಬಂದುವು. ಚುನಾವಣೆಗಳೆಂಬುವೇ ಇಲ್ಲದ ಸರ್ವಾಧಿಕಾರದ ಆ ದಿನಗಳಲ್ಲಿ ಊರ ಜನ ಪೆಟ್ಟಿಗೆಗೆ ಚೀಟಿ ಹಾಕಿದ್ದು ಸಣ್ಣ ಸಂಗತಿಯಲ್ಲ. 1943ರಲ್ಲಿ ಇಪ್ಪತ್ತು ಹುಡುಗರೊಡನೆ ಶಾಲೆಯು ಆರಂಭವಾಯಿತು.

ಆ ಹುಡುಗರಲ್ಲಿ ಹನ್ನೊಂದು ಮಂದಿ ಕಾರ್ಖಾನೆಯಲ್ಲಿ ದುಡಿಯುತ್ತಲೇ, ಬಿಡುವಿನ ವೇಳೆಯಲ್ಲಿ ಓದಿ, ದೂರದ ಸರಗೋಸಾ ನಗರಕ್ಕೆ ಹೋಗಿ ಪರೀಕ್ಷೆ ಕೊಟ್ಟು ಯಂತ್ರಶಾಸ್ತ್ರದ ಪದವಿಯನ್ನು ಪಡೆದರು. ಅಲ್ಲಿ ವಾಸವಿರದೆ ಪರೀಕ್ಷೆಗೆ ಕೂರುವ ಅನುಮತಿಯನ್ನು ದೊರಕಿಸಿದವರು ಗುರುಗಳೇ. ಪದವೀಧರರಾಗಿ ಕಾರ್ಖಾನೆಯಲ್ಲಿ ಮೇಲಿನ ಕೆಲಸಗಳಿಗೆ ಏರಿದ ಈ ಶಿಷ್ಯರು, ದುಡಿಯುವವರಿಗೂ ಬಂಡವಾಳದಲ್ಲಿ ಪಾಲು ಕೊಡಬೇಕೆಂದು ಒಡೆಯರನ್ನು ಕೇಳಿದರು, ಅದೂ ನಿರಾಕರಣವಾಯಿತು. ಆಗ ಊಸತೋರೆ, ಲಾರ್ರಞಾಗಾ, ಗೊರ್ರೊಞೊಗೊಯ್ತಿಯಾ, ಓರ್ಮಾಎಚೆಯಾ, ಓರ್ತುಬಾಯ್ ಎಂಬ ಐವರು ನೆಮ್ಮದಿಯ ಕೆಲಸಕ್ಕೆ ರಾಜೀನಾಮೆಯಿತ್ತು ಹೊರಬಂದರು. ಕೈಯಲ್ಲಿ ಹಣವಿಲ್ಲ. ಊರಿನ ನೂರರಷ್ಟು ಜನ ಇವರನ್ನೂ ಇವರ ಹಿಂದಿದ್ದ ಪಾದ್ರಿಗಳನ್ನೂ ನಂಬಿ ಸಾಲ ಕೊಟ್ಟರು. ಹೊಸ ಕಾರ್ಖಾನೆಗೆ ಸರ್ಕಾರದ ಅಪ್ಪಣೆ ಸಿಕ್ಕುವುದು ದುಸ್ತರವಾಗಿದ್ದುದರಿಂದ, ವಿತೋರಿಯಾ ನಗರದಲ್ಲಿ ದಿವಾಳಿಯಾಗಿದ್ದ ಚಿಕ್ಕ ಕಾರ್ಖಾನೆಯೊಂದನ್ನು ಅದರ ಅಪ್ಪಣೆಪತ್ರದೊಡನೆ 1955ರಲ್ಲಿ ಕೊಂಡುಕೊಂಡರು. 1956ರಲ್ಲಿ ಮೊಂದ್ರಗೋನಿನಲ್ಲಿಯೇ ಕಟ್ಟಡದ ಮೊದಲ ಕಲ್ಲಿಟ್ಟರು. ಸೀಮೆ‌ಎಣ್ಣೆಯ ಒಲೆಗಳನ್ನು ತಯಾರಿಸುವ ಈ ಕಾರ್ಖಾನೆಗೆ ಐವರ ಹೆಸರುಗಳ ಮೊದಲ ಅಕ್ಷರಗಳನ್ನು ಕೂಡಿಸಿ ಉಲ್ಗೋರ್ ಎಂದು ಹೆಸರಿಟ್ಟರು.

ಕಾರ್ಖಾನೆಯೇನೋ ಎದ್ದಿತು, ಅದರ ಒಡೆಯರಾರು? ಕಾನೂನಿನ ಯಾವ ಚೌಕಟ್ಟಿನಲ್ಲಿ ಇದನ್ನು ಕೂಡಿಸಬೇಕೆಂಬುದಕ್ಕೆ ಗುರುಗಳು ವರ್ಷಗಟ್ಟಲೆ ಕಾನೂನಿನ ಗ್ರಂಥಗಳನ್ನು ಶೋಧಿಸಿದರು. ಕೊನೆಗೆ 1959ರಲ್ಲಿ ಸಹಕಾರ ಸಂಘವೆಂದು ನೋಂದಣಿಯಾಯಿತು. ಇದರ ನಿಬಂಧನೆಗಳನ್ನು ವಾಚಕರು ಸಾವಧಾನವಾಗಿ ನೋಡಬೇಕು. ಕೆಲಸ ಮಾಡುವವನೇ ಸದಸ್ಯ. ಸೇರುವಾಗ ಪ್ರತಿಯೊಬ್ಬನೂ ಬಂಡವಾಳಕ್ಕೆ ತನ್ನ ಪಾಲನ್ನು ತರಬೇಕು. ಕೈಯಲ್ಲಿಲ್ಲದವನ ಸಂಬಳದಿಂದ ಕಂತುಕಂತಾಗಿ ಮುರಿದುಕೊಳ್ಳಬಹುದು. ಎಷ್ಟು ಹಣವಿದ್ದರೂ ಒಬ್ಬನಿಗೆ ಒಂದೇ ಓಟು. ಅತ್ಯಂತ ಕೆಳಗಿನವನ ಸಂಬಳ ಒಂದು ರೂಪಾಯಿಯೆಂದರೆ ಅತ್ಯಂತ ಮೇಲಿನವನದು ಮೂರು ರೂಪಾಯಿಯನ್ನು ಮೀರಕೂಡದು. ವರ್ಷಾಂತ್ಯದ ಲಾಭದಲ್ಲಿ ಹತ್ತನೆಯ ಒಂದು ಪಾಲಿಗೆ ಕಡಮೆಯಿಲ್ಲದೆ ವಿದ್ಯಾದಾನ ಮುಂತಾದ ಊರ ಕೆಲಸಗಳಿಗೆ, ಇನ್ನೊಂದು ಭಾಗ ಸಂಘದ ಕಾಯಂ ನಿಧಿಗೆ, ಉಳಿದುದು ಸದಸ್ಯರಿಗೆ. ಆದರೆ ಆ ಸದಸ್ಯರ ಪಾಲು ಕೈಗೆ ಬಾರದು. ಅವರವರ ಖಾತೆಗೆ ಜಮೆಯಾಗಿ ಸಂಘದಲ್ಲಿಯೇ ನಿಂತು, ಕೆಲಸದಿಂದ ನಿವೃತ್ತರಾಗುವಾಗ ದೊರೆಯತಕ್ಕುದು. ನಷ್ಟವಾದರೆ ಅದೇ ಖಾತೆಯಿಂದ ಕಳೆಯತಕ್ಕುದು. ಈ ಒಂದು ನಿಬಂಧನೆಯೇ ಉಳಿದೆಲ್ಲದರ ಬುಡವೆಂದು ನನ್ನ ಅಭಿಪ್ರಾಯ. ಲಾಭವನ್ನು ಆಯಾ ವರ್ಷವೇ ಹಂಚಿಕೊಂಡು ತಿಂದ ಸಂಘಗಳು ಬಹುಕಾಲ ಬಾಳವು.

ಇಷ್ಟಾದರೂ ಬಂಡವಾಳ ಸಾಲದೆಂದು ಗುರುಗಳು ಕಂಡರು. ಊರಿನ ಉಳಿತಾಯವು ದೊಡ್ಡ ನಗರಗಳ ಬ್ಯಾಂಕುಗಳ ಮೂಲಕ ಎಲ್ಲಿಗೋ ಹರಿದುಹೋಗುತ್ತಿತ್ತು. ಅದನ್ನು ಊರಿನಲ್ಲಿಯೇ ನಿಲ್ಲಿಸಿ ಊರಿನ ಕಸುಬಿಗೆ ಬಳಸಲು ತಮ್ಮದೇ ಬ್ಯಾಂಕು ಬೇಕೆಂದರು. ಶಿಷ್ಯರು ಒಪ್ಪಲಿಲ್ಲ, ಒಲೆ ಮಾಡಬಲ್ಲ ನಾವು ಬ್ಯಾಂಕು ನಡೆಸಬಲ್ಲೆವೇ ಎಂಬುದು ಅವರ ವಾದ. ಗುರುಗಳು ಸುಮ್ಮನಾಗಲಿಲ್ಲ. ಸಂಸ್ಥಾಪನೆಯ ಕಾಗದಪತ್ರಗಳನ್ನು ತಾವೇ ಸಿದ್ಧಪಡಿಸಿ, ಅವಶ್ಯವಾದ ಶಿಷ್ಯರ ರುಜುಗಳನ್ನೂ ತಾವೇ ಹಾಕಿ ಸರ್ಕಾರಕ್ಕೆ ಕಳುಹಿಸಿದರೆಂದು ಆ ಊರಿನಲ್ಲಿ ಹೇಳುತ್ತಾರೆ. ಹೀಗೆ ಮಾಡಿದುದನ್ನು ನಾನು ಸರಿಯೆನ್ನಲಾರೆ. ಮಹಾತ್ಮರ ಚರಿತ್ರೆಯೆಂದು ಇದನ್ನು ಮುಚ್ಚಿಡಲೂ ಒಲ್ಲೆ. 1959ರಲ್ಲಿ ಕಾಹಾ ಲಬೋರಾಲ್, ಎಂದರೆ ದುಡಿಯುವವರ ಬ್ಯಾಂಕು, ಹುಟ್ಟಿತು. ಒಲ್ಲೆನೆಂದಿದ್ದ ಓರ್ಮಾಎಚೆಯಾರವರೇ ಮುಂದೆ ಅದರ ಮುಖ್ಯಾಧಿಕಾರಿಗಳಾಗಿ ಅದನ್ನು ಬಹುವರ್ಷ ನಡೆಯಿಸಿದರು.

ಅದೇ ಹೊತ್ತಿಗೆ ಮತ್ತೊಂದು ವಿಪತ್ತು. ಸಹಕಾರ ಸಂಘದ ಸದಸ್ಯರು ಒಡೆಯರೇ ಹೊರತು ನೌಕರರಲ್ಲವೆಂದು ಹೇಳಿ, ಸರ್ಕಾರವು ಅವರನ್ನು ರೋಗ, ಮುಪ್ಪುಗಳ ಕಾಲದ ಸಾಮಾನ್ಯ ವಿಮೆಯಿಂದ ಹೊರಗಿಟ್ಟಿತು. ಒಡೆಯನಾಗಹೋದವನು ಕಾಯಿಲೆ ಬಿದ್ದರೆ ಗತಿಯೇನು? ಬ್ಯಾಂಕಿನ ಆಶ್ರಯದಲ್ಲಿಯೇ ತಮ್ಮದೇ ನಿಧಿಯೊಂದನ್ನು ಕೂಡಿಸಿಕೊಂಡರು. ಅದೇ 1967ರಲ್ಲಿ ಲಗೂನ್ ಆರೊ ಎಂಬ ಸ್ವತಂತ್ರ ಸಂಸ್ಥೆಯಾಯಿತು.

ಕರ್ಣಾಟಕದಲ್ಲಿ ಸಹಕಾರವು ಹೊಸದಲ್ಲ. ಗದಗಿನ ಬಳಿಯ ಕಣಗಿನಹಾಳದಲ್ಲಿ 1905ರಲ್ಲಿಯೇ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ಸಂಘವನ್ನು ಕಟ್ಟಿದ್ದರು. ಆದರೆ ನಮ್ಮಲ್ಲಿ ಸಹಕಾರವು ಬಹುಮಟ್ಟಿಗೆ ಸಾಲ ಕೊಡುವ ಕೆಲಸವಾಗಿ ಬೆಳೆಯಿತು. ಮೊಂದ್ರಗೋನಿನಲ್ಲಿ ಸಾಲವು ಕಾಯಕದ ಊಳಿಗಕ್ಕೆ ನಿಂತಿತು. ಬ್ಯಾಂಕು ಹಣ ಕೊಟ್ಟದ್ದಲ್ಲದೆ, ಹೊಸ ಕಾರ್ಖಾನೆಯನ್ನು ತೆರೆಯುವವರೊಡನೆ ಕುಳಿತು ಲೆಕ್ಕವನ್ನೂ ಯೋಜನೆಯನ್ನೂ ತಿದ್ದಿಕೊಟ್ಟಿತು.

ಇನ್ನುಳಿದುವನ್ನು ಸಂಕ್ಷೇಪವಾಗಿ ಹೇಳುತ್ತೇನೆ. 1966ರಲ್ಲಿ ಅಲೆಕೋಪ್ ಎಂಬ ವಿದ್ಯಾರ್ಥಿಗಳ ಕಾರ್ಖಾನೆ: ದಿನದಲ್ಲಿ ಅರ್ಧ ಓದು, ಅರ್ಧ ದುಡಿಮೆ. 1969ರಲ್ಲಿ ಹಲವು ಊರುಗಳ ಸಹಕಾರಿ ಅಂಗಡಿಗಳು ಕೂಡಿ ಎರೋಸ್ಕಿ ಆಯಿತು. ಮದುವೆಯಾದ ಹೆಂಗಸರಿಗೆ ಹೊರಗೆ ದುಡಿಮೆ ಸಲ್ಲದೆಂಬ ಆ ದೇಶದ ರೂಢಿಗೆ ವಿರೋಧವಾಗಿ, ಗುರುಗಳ ಪ್ರೋತ್ಸಾಹದಿಂದ ಅಂತಹ ಹೆಂಗಸರೇ ಔಸೊ ಲಗೂನ್ ಎಂಬ ಸಂಘವನ್ನು ಕಟ್ಟಿ, ಕಾರ್ಖಾನೆಗಳಿಗೆ ಅಡಿಗೆ ಮಾಡಿಕೊಡುವ ಕೆಲಸವನ್ನು ಹಿಡಿದರು. ಇವೆಲ್ಲದರಲ್ಲಿಯೂ ದೋನ್ ಹೊಸೆ ಮರಿಯಾ ಯಾವ ಅಧಿಕಾರಪದವಿಯನ್ನೂ ಹಿಡಿಯಲಿಲ್ಲ, ಸಲಹೆಗಾರರಾಗಿಯೇ ಉಳಿದರು. ಸೈಕಲ್ಲಿನ ಮೇಲೆ ಕಪ್ಪು ಕನ್ನಡಕ ಹಾಕಿಕೊಂಡು ಹೋಗುವ ಪಾದ್ರಿ ಊರಿಗೆಲ್ಲ ಪರಿಚಿತ ದೃಶ್ಯವಾಗಿತ್ತು.

ಅವರ ಕೊನೆಯ ವರ್ಷಗಳು ಸುಖದವಲ್ಲ. ಹೃದಯರೋಗವು ಕಾಡುತ್ತಿದ್ದಾಗಲೇ, 1974ರಲ್ಲಿ, ಉಲ್ಗೋರ್ ಕಾರ್ಖಾನೆಯಲ್ಲಿ ಮುಷ್ಕರವಾಯಿತು. ಕೆಲಸಗಳಿಗೆ ದರ್ಜೆ ಕಟ್ಟಿದ ಕ್ರಮ ಅನ್ಯಾಯವೆಂಬುದು ಮುಷ್ಕರ ಹೂಡಿದವರ ದೂರು. ಒಡೆಯರೇ ಒಡೆಯರ ಮೇಲೆ ಮುಷ್ಕರ ಹೂಡುವುದೆಂತು ಎಂದು ಆಡಳಿತದವರು; ಮೂರು ಸಾವಿರಕ್ಕೂ ಮಿಕ್ಕ ಜನರಿರುವಲ್ಲಿ ಒಂದು ಓಟಿನ ಒಡೆತನವೆಂದರೆ ಎಷ್ಟು ಎಂದು ಇವರು. ಹದಿನೇಳು ಮಂದಿಯನ್ನು ಸಂಘದಿಂದ ಹೊರಹಾಕಿದರು. ನೂರಾರು ಮಂದಿಗೆ ದಂಡ ಹಾಕಿದರು. ಸದಸ್ಯರ ಮಹಾಸಭೆಯೂ ಆ ತೀರ್ಪನ್ನು ಎತ್ತಿಹಿಡಿಯಿತು. ನೆರೆಹೊರೆಯವರು ಒಬ್ಬರ ಮುಖವನ್ನು ಒಬ್ಬರು ನೋಡದಂತಾಯಿತೆಂದರೆ ಗುರುಗಳ ಮನಸ್ಸಿಗೆ ಎಷ್ಟು ನೋವಾಗಿರಬೇಕು! 1976ನೆಯ ಇಸವಿ ನವೆಂಬರ್ 29ರಂದು ಅವರು ಮೊಂದ್ರಗೋನಿನಲ್ಲಿ ದೇಹವನ್ನು ಬಿಟ್ಟರು. ಹೊರಹಾಕಲ್ಪಟ್ಟವರನ್ನು ಮತ್ತೆ ಸೇರಿಸಿಕೊಳ್ಳಬೇಕೆಂಬ ನಿರ್ಣಯವು 1978ರಲ್ಲಿ ಸಭೆಯ ಮುಂದೆ ಬಂದು, ಬಹುಮತದಿಂದ ಅಂಗೀಕೃತವಾಯಿತು. ಅದನ್ನು ನೋಡಲು ಅವರಿರಲಿಲ್ಲ.

ಅವರು ಕಟ್ಟಿದ ಶಾಲೆಯಿಂದ ಬೆಳೆದ ವಿದ್ಯಾಸಂಸ್ಥೆಗಳು ಕೂಡಿ 1997ರಲ್ಲಿ ವಿಶ್ವವಿದ್ಯಾಲಯವಾದುವು. ಸಂಘಗಳ ಒಕ್ಕೂಟದಲ್ಲಿ ಇಂದು ಎಪ್ಪತ್ತು ಸಾವಿರದಷ್ಟು ಜನ ದುಡಿಯುತ್ತಾರೆ; ಆದರೆ ಅವರೆಲ್ಲರೂ ಸದಸ್ಯರಲ್ಲ, ಕೂಲಿಗೆ ದುಡಿಯುವವರೂ ಉಂಟು. 2013ರಲ್ಲಿ, ಉಲ್ಗೋರಿನಿಂದ ಬೆಳೆದು ಫಾಗೋರ್ ಎಂದು ಪ್ರಸಿದ್ಧವಾಗಿದ್ದ ಆ ಮೊದಲ ಕಾರ್ಖಾನೆಯೇ ದಿವಾಳಿಯಾಯಿತು. ಅದರ ಸದಸ್ಯರಲ್ಲಿ ಹೆಚ್ಚಿನವರಿಗೆ ಸೋದರಸಂಘಗಳು ಕೆಲಸ ಕೊಟ್ಟುವು. ವಯಸ್ಸಾದವರು ಲಗೂನ್ ಆರೊ ನಿಧಿಯ ನೆರವಿನಿಂದ ಅವಧಿಗೆ ಮುನ್ನವೇ ನಿವೃತ್ತರಾದರು. ಖಾತೆಯಲ್ಲಿ ವರ್ಷಗಟ್ಟಲೆ ಜಮೆಯಾಗಿದ್ದ ಅವರ ಬಂಡವಾಳ ಮಾತ್ರ, ಗುರುಗಳ ಕಾಲದ ನಿಬಂಧನೆಯಂತೆಯೇ, ನಷ್ಟಕ್ಕೆ ಸಂದುಹೋಯಿತು.