ಪ್ಯಾಪ್ ಎಂಬ ಹೆಸರಿನ ಹಿಂದಿನ ಮನುಷ್ಯ

ಸರ್ಕಾರಿ ವೈದ್ಯಕೀಯ ಕಾಲೇಜೊಂದರ ಪೆಥಾಲಜಿ ವಿಭಾಗದಲ್ಲಿ ಮೂವತ್ತೊಂದು ವರ್ಷ ಕೆಲಸ ಮಾಡಿ ನಿವೃತ್ತಳಾದವಳು ನಾನು. ಆ ಅವಧಿಯಲ್ಲಿ ಸೂಕ್ಷ್ಮದರ್ಶಕದ ಕೆಳಗೆ ನೋಡಿದ ಗಾಜಿನ ಸ್ಲೈಡುಗಳನ್ನು ಲೆಕ್ಕವಿಟ್ಟಿಲ್ಲ. ಅವುಗಳಲ್ಲಿ ಬಹುಪಾಲಿನ ಮೇಲೆ ಪ್ಯಾಪ್ ಎಂಬ ಚೀಟಿ ಅಂಟಿಸಿರುತ್ತಿತ್ತು. ದಿನಕ್ಕೆ ಹತ್ತಾರು ಸಲ ಆಡುತ್ತಿದ್ದ ಆ ಮಾತು ಒಬ್ಬ ಮನುಷ್ಯನ ಹೆಸರಿನ ತುಂಡು ಎಂಬುದು ಗೊತ್ತಿತ್ತು. ಆತ ಯಾರು, ಹೇಗೆ ಬದುಕಿದ ಎಂದು ವಿಚಾರಿಸುವ ವ್ಯವಧಾನ ಇರಲಿಲ್ಲ. ವಿಚಾರಿಸಿದ್ದು ನನ್ನ ಅಕ್ಕ ತೀರಿಕೊಂಡ ಮೇಲೆ.

ಜಾರ್ಜ್ ಪಾಪನಿಕೊಲಾವ್ ಹುಟ್ಟಿದ್ದು 1883ರಲ್ಲಿ, ಗ್ರೀಸ್ ದೇಶದ ಯುಬಿಯಾ ದ್ವೀಪದ ಕೀಮಿ ಎಂಬ ಸಣ್ಣ ಊರಿನಲ್ಲಿ. ತಂದೆ ವೈದ್ಯರು. ಮಗನೂ ಅಥೆನ್ಸ್ ವಿಶ್ವವಿದ್ಯಾಲಯದಲ್ಲಿ ವೈದ್ಯಶಾಸ್ತ್ರ ಓದಿ 1904ರಲ್ಲಿ ಪದವಿ ಪಡೆದ. ಊರಿನಲ್ಲೇ ನೆಲೆನಿಂತು ವೃತ್ತಿ ಮುಂದುವರಿಸಲಿ ಎಂಬುದು ತಂದೆಯ ಇಚ್ಛೆ. ಆದರೆ ಮಗನ ಮನಸ್ಸು ರೋಗಿಗಳ ನಾಡಿಗಿಂತ ಜೀವಕೋಶಗಳ ಕಡೆಗೆ ಹೊರಳಿತ್ತು. ಆತ ಜರ್ಮನಿಗೆ ಹೋಗಿ, ಮ್ಯೂನಿಕ್‌ನಲ್ಲಿ 1910ರಲ್ಲಿ ಪ್ರಾಣಿಶಾಸ್ತ್ರದ ಡಾಕ್ಟರೇಟ್ ಪಡೆದ. ಅದೇ ವರ್ಷ ಆಂಡ್ರೊಮಾಖಿ ಎಂಬ ಸುಶಿಕ್ಷಿತ ತರುಣಿಯನ್ನು ಮದುವೆಯಾದ. ಮುಂದೆ ಮೇರಿ ಎಂದು ಹೆಸರಾದ ಈ ಹೆಣ್ಣುಮಗಳನ್ನು ಬಿಟ್ಟು ಪಾಪನಿಕೊಲಾವ್‌ನ ಕಥೆ ಹೇಳಲು ಬರುವುದಿಲ್ಲ.

ಬಾಲ್ಕನ್ ಯುದ್ಧದಲ್ಲಿ ಸೇನಾ ವೈದ್ಯನಾಗಿ ದುಡಿದ ಆತ 1913ರಲ್ಲಿ ಹೆಂಡತಿಯೊಡನೆ ಅಮೆರಿಕದ ಹಡಗು ಹತ್ತಿದ. ಕೈಯಲ್ಲಿ ಅಲ್ಪ ಹಣ, ನಾಲಿಗೆಯಲ್ಲಿ ಇಂಗ್ಲಿಷ್ ಇಲ್ಲ. ಎರಡೆರಡು ಪದವಿಗಳಿದ್ದ ವೈದ್ಯ ನ್ಯೂಯಾರ್ಕಿನ ದೊಡ್ಡ ಅಂಗಡಿಯೊಂದರಲ್ಲಿ ಜಮಖಾನೆ ಮಾರಲು ನಿಂತ. ಅದೇ ಅಂಗಡಿಯಲ್ಲಿ ಮೇರಿ ಗುಂಡಿ ಹೊಲಿಯುವ ಕೆಲಸಕ್ಕೆ ಸೇರಿದಳು. ಆತ ಹೋಟೆಲುಗಳಲ್ಲಿ ಪಿಟೀಲು ನುಡಿಸಿದ, ಗ್ರೀಕ್ ಪತ್ರಿಕೆಯೊಂದರಲ್ಲಿ ಗುಮಾಸ್ತಿಕೆ ಮಾಡಿದ. ಮರುವರ್ಷ ಕಾರ್ನೆಲ್ ವೈದ್ಯಕೀಯ ಕಾಲೇಜಿನ ಅಂಗರಚನಾಶಾಸ್ತ್ರ ವಿಭಾಗದಲ್ಲಿ ಸಣ್ಣದೊಂದು ಹುದ್ದೆ ದೊರೆಯಿತು. ಮೇರಿ ಅಲ್ಲಿಯೇ ಅವನ ಸಹಾಯಕಿಯಾದಳು. ಅರ್ಧ ಶತಮಾನಕ್ಕೆ ಸ್ವಲ್ಪವೇ ಕಡಿಮೆ ಕಾಲ ಆ ದಂಪತಿಯ ಬದುಕು ಆ ಪ್ರಯೋಗಾಲಯದಲ್ಲೇ ಕಳೆಯಿತು.

ಆತನ ಮೊದಲ ಪ್ರಯೋಗಗಳಿಗೂ ಕ್ಯಾನ್ಸರಿಗೂ ಸಂಬಂಧವಿರಲಿಲ್ಲ. ಪ್ರಾಣಿಗಳಲ್ಲಿ ಲಿಂಗ ನಿರ್ಧಾರವಾಗುವ ಬಗೆಯನ್ನು ತಿಳಿಯಲು ಗಿನಿಪಿಗ್‌ಗಳ ಅಂಡಾಣು ಬೇಕಿತ್ತು, ಅದೂ ನಿರ್ದಿಷ್ಟ ಹಂತದಲ್ಲಿ. ಆ ಹಂತ ಹೊರಗಿನಿಂದ ತಿಳಿಯುವಂತಿರಲಿಲ್ಲ. ಪ್ರಾಣಿಯನ್ನು ಕೊಯ್ದೇ ನೋಡಬೇಕಿತ್ತು. ಮೂಗಿನ ಪರೀಕ್ಷೆಗೆ ಬಳಸುವ ಪುಟ್ಟ ಉಪಕರಣದ ನೆರವಿನಿಂದ ಗಿನಿಪಿಗ್‌ನ ಯೋನಿಯ ಸ್ರಾವವನ್ನು ತೆಗೆದು ಗಾಜಿನ ಮೇಲೆ ಸವರಿ ನೋಡಬಾರದೇಕೆ ಎಂದು ಆತನಿಗೆ ಹೊಳೆಯಿತು. ನೋಡಿದಾಗ ಜೀವಕೋಶಗಳ ಆಕಾರ ದಿನದಿಂದ ದಿನಕ್ಕೆ ಒಂದು ಕ್ರಮದಲ್ಲಿ ಬದಲಾಗುತ್ತಿತ್ತು. ಒಡಲನ್ನು ಕೊಯ್ಯದೆ ಒಳಗಿನ ಸ್ಥಿತಿಯನ್ನು ಓದಬಹುದೆಂದು 1917ರಲ್ಲಿ ಆತ ಮತ್ತು ವಿಭಾಗದ ಮುಖ್ಯಸ್ಥ ಚಾರ್ಲ್ಸ್ ಸ್ಟಾಕಾರ್ಡ್ ಪ್ರಕಟಿಸಿದರು.

ಇದನ್ನು ಮನುಷ್ಯರಲ್ಲಿ ಪರಿಶೀಲಿಸಲು ಮೊದಲು ಮುಂದೆ ಬಂದವಳು ಮೇರಿ. ಇಪ್ಪತ್ತು ವರ್ಷಗಳಿಗೂ ಹೆಚ್ಚು ಕಾಲ ಆಕೆ ತನ್ನ ಸ್ರಾವದ ಮಾದರಿಯನ್ನು ಗಂಡನ ಅಧ್ಯಯನಕ್ಕೆ ಕೊಡುತ್ತ ಬಂದಳು. ನಮ್ಮ ಸಮಾಜದಲ್ಲಿ ಇಂದಿಗೂ ಹೆಣ್ಣೊಬ್ಬಳು ತನ್ನ ಮುಟ್ಟಿನ ತೊಂದರೆಯನ್ನು ವೈದ್ಯರ ಮುಂದೆ ಹೇಳಲು ಹಿಂಜರಿಯುವುದನ್ನು ಕಂಡವರಿಗೆ, ನೂರು ವರ್ಷಗಳ ಹಿಂದೆ ಆಕೆ ಇಟ್ಟ ಹೆಜ್ಜೆ ಎಂಥದ್ದೆಂದು ಬಿಡಿಸಿ ಹೇಳಬೇಕಾಗಿಲ್ಲ. ವಿಜ್ಞಾನದ ಚರಿತ್ರೆಯಲ್ಲಿ ಗಂಡನ ಹೆಸರು ಉಳಿಯಿತು. ಅವನು ಓದಲು ಕಲಿತ ಮೊದಲ ಪುಸ್ತಕ ಮಾತ್ರ ಅವಳ ದೇಹ.

ನಂತರ ಆಸ್ಪತ್ರೆಗೆ ಬರುವ ಹೆಂಗಸರ ಸ್ಲೈಡುಗಳನ್ನು ನೋಡುತ್ತಿದ್ದಾಗ, ಒಂದರಲ್ಲಿ ಎಂದೂ ಕಾಣದ ವಿಕಾರದ ಕೋಶಗಳು ಕಂಡವು. ಸಹಜ ಕೋಶ ಅಗಲವಾಗಿ, ತೆಳುವಾಗಿ ಹರಡಿಕೊಂಡಿರುತ್ತದೆ; ನಡುವಿನ ಕೋಶಕೇಂದ್ರ ಸಾಸಿವೆ ಕಾಳಿನಂತೆ ಪುಟ್ಟದು. ಇಲ್ಲಿಯಾದರೋ ಕೇಂದ್ರ ಊದಿಕೊಂಡು, ಕಪ್ಪಾಗಿ, ಅಂಕುಡೊಂಕಾಗಿ ಇಡೀ ಕೋಶವನ್ನೇ ನುಂಗುವಂತಿತ್ತು. ಆ ಹೆಂಗಸಿಗೆ ಗರ್ಭಕಂಠದ ಕ್ಯಾನ್ಸರ್ ಇತ್ತು. ತನ್ನ ಬದುಕಿನ ಅತ್ಯಂತ ರೋಮಾಂಚಕ ಗಳಿಗೆಗಳಲ್ಲಿ ಅದೂ ಒಂದೆಂದು ಆತ ಮುಂದೆ ನೆನೆಯುತ್ತಿದ್ದ.

1928ರ ಜನವರಿಯಲ್ಲಿ ಮಿಷಿಗನ್ ರಾಜ್ಯದ ಬ್ಯಾಟಲ್ ಕ್ರೀಕ್‌ನಲ್ಲಿ ನಡೆದ ಸಮ್ಮೇಳನದಲ್ಲಿ ಇದನ್ನು ಮಂಡಿಸಿದಾಗ ಯಾರೂ ಕಿವಿಗೊಡಲಿಲ್ಲ. ಸುಮಾರು ಅದೇ ಹೊತ್ತಿಗೆ ರೊಮೇನಿಯಾದ ಆರೆಲ್ ಬಾಬೆಶ್ ಕೂಡ ಸ್ವತಂತ್ರವಾಗಿ ಇಂಥದೇ ವಿಧಾನವನ್ನು ಕಂಡುಕೊಂಡಿದ್ದರು. ಅವರಿಗೂ ಮನ್ನಣೆ ಸಿಗಲಿಲ್ಲ. ಅಂಗಾಂಶದ ತುಂಡು ಕತ್ತರಿಸಿ ನೋಡುವ ಪದ್ಧತಿ ಇರುವಾಗ ಉದುರಿದ ಕೋಶಗಳನ್ನು ಹೆಕ್ಕುವುದೇಕೆ ಎಂಬುದು ಪಂಡಿತರ ತರ್ಕವಾಗಿತ್ತು. ರೋಗ ಕಣ್ಣಿಗೆ ಕಂಡ ಮೇಲೆ ಕತ್ತರಿಸಿ ನೋಡುವುದಕ್ಕೂ, ಕಾಣುವ ಮೊದಲೇ ಹುಡುಕುವುದಕ್ಕೂ ಇರುವ ಅಂತರ ಅವರಿಗೆ ತೋಚಲಿಲ್ಲ. ಪಾಪನಿಕೊಲಾವ್ ವಾದಕ್ಕೆ ನಿಲ್ಲದೆ ಹತ್ತು ವರ್ಷ ತನ್ನ ಇತರ ಕೆಲಸಗಳಲ್ಲಿ ಮಗ್ನನಾದ.

1939ರಲ್ಲಿ ವಿಭಾಗಕ್ಕೆ ಹೊಸ ಮುಖ್ಯಸ್ಥರು ಬಂದು ಆ ಹಳೆಯ ಕೆಲಸವನ್ನು ಮತ್ತೆ ಎತ್ತಿಕೊಳ್ಳುವಂತೆ ಹುರಿದುಂಬಿಸಿದರು. ಸ್ತ್ರೀರೋಗ ತಜ್ಞ ಹರ್ಬರ್ಟ್ ಟ್ರಾಟ್ ಜೊತೆಗೂಡಿದರು. ನ್ಯೂಯಾರ್ಕ್ ಆಸ್ಪತ್ರೆಯ ಸ್ತ್ರೀರೋಗ ವಿಭಾಗಕ್ಕೆ ಬರುವ ಹೆಂಗಸರೆಲ್ಲರ ಮಾದರಿಯನ್ನೂ ನೋಡುವ ವ್ಯವಸ್ಥೆಯಾಯಿತು. ಯಾವ ತೊಂದರೆಯನ್ನೂ ಹೇಳಿಕೊಳ್ಳದ ಹೆಂಗಸರಲ್ಲೂ ಕ್ಯಾನ್ಸರ್ ಪತ್ತೆಯಾಗತೊಡಗಿತು. 1941ರಲ್ಲಿ ಲೇಖನವೂ 1943ರಲ್ಲಿ ಗ್ರಂಥವೂ ಹೊರಬಂದವು. ಕೋಶಗಳ ಬಣ್ಣದ ಚಿತ್ರಗಳನ್ನು ಬರೆದುಕೊಟ್ಟವರು ಜಪಾನಿನಲ್ಲಿ ಹುಟ್ಟಿದ ಕಲಾವಿದ ಹಶಿಮೆ ಮುರಾಯಾಮಾ. ಯುದ್ಧಕಾಲದಲ್ಲಿ ಅವರನ್ನು ಶತ್ರುದೇಶದವರೆಂದು ಬಂಧಿಸಿದಾಗ ಬಿಡುಗಡೆಗಾಗಿ ಪಾಪನಿಕೊಲಾವ್ ಓಡಾಡಿದ. 1947ರಲ್ಲಿ ಕೆನಡಾದ ಅರ್ನೆಸ್ಟ್ ಏರ್ ಗರ್ಭಕಂಠದಿಂದಲೇ ನೇರವಾಗಿ ಕೋಶಗಳನ್ನು ಕೆರೆದು ತೆಗೆಯಲು ಮರದ ಚಪ್ಪಟೆ ಕಡ್ಡಿಯೊಂದನ್ನು ರೂಪಿಸಿದರು. ಪರೀಕ್ಷೆ ಇನ್ನಷ್ಟು ಸುಲಭವಾಯಿತು.

ಪಾಪನಿಕೊಲಾವ್‌ಗೆ 1950ರಲ್ಲಿ ಲಾಸ್ಕರ್ ಪ್ರಶಸ್ತಿ ಬಂತು. ನೊಬೆಲ್‌ಗೆ ಹೆಸರು ಸೂಚಿತವಾಯಿತೇ ಹೊರತು ಪ್ರಶಸ್ತಿ ಬರಲಿಲ್ಲ. 1961ರಲ್ಲಿ ಮಯಾಮಿಯ ಕ್ಯಾನ್ಸರ್ ಸಂಸ್ಥೆಯ ಹೊಣೆ ಹೊತ್ತು ಹೋದ ಆತ ಕೆಲವೇ ತಿಂಗಳಲ್ಲಿ, 1962ರ ಫೆಬ್ರುವರಿಯಲ್ಲಿ, ಹೃದಯಾಘಾತದಿಂದ ತೀರಿಕೊಂಡ. ಅಷ್ಟರಲ್ಲಿ ಅವನ ಪರೀಕ್ಷೆ ಜಗತ್ತಿನ ಆಸ್ಪತ್ರೆಗಳನ್ನು ತಲುಪಿತ್ತು. ಅದನ್ನು ಕ್ರಮಬದ್ಧವಾಗಿ ಜಾರಿಗೆ ತಂದ ದೇಶಗಳಲ್ಲಿ ಗರ್ಭಕಂಠದ ಕ್ಯಾನ್ಸರಿನಿಂದ ಸಾಯುವವರ ಪ್ರಮಾಣ ಅರ್ಧಕ್ಕಿಂತ ಕೆಳಗಿಳಿದಿದೆ.

ಇಲ್ಲಿ ನನ್ನ ಅಕ್ಕನ ಮಾತು ಹೇಳಲೇಬೇಕು. ಅಕ್ಕ ಅರಸೀಕೆರೆಯ ಕಡೆ ತೆಂಗಿನ ತೋಟದ ಮನೆಗೆ ಸೇರಿದವಳು. ಮುಟ್ಟು ನಿಂತು ಆರೇಳು ವರ್ಷದ ಮೇಲೆ ಮತ್ತೆ ರಕ್ತ ಕಾಣಿಸಿಕೊಂಡಾಗ ಅದನ್ನು ಮೈಯ ಉಷ್ಣವೆಂದು ತಿಳಿದು ಮೆಂತ್ಯದ ನೀರು ಕುಡಿದಳು. ಊರಿನ ಸಮೀಪದ ವೈದ್ಯರೊಬ್ಬರು ಒಳಪರೀಕ್ಷೆ ಮಾಡದೆಯೇ ಕಬ್ಬಿಣದ ಟಾನಿಕ್ ಬರೆದುಕೊಟ್ಟರು. ಹಬ್ಬಕ್ಕೆ ಬಂದಾಗಲೂ ನನ್ನೊಡನೆ ಹೇಳಲಿಲ್ಲ. ತಂಗಿಯ ಮುಂದೆ ಇಂಥದ್ದನ್ನು ಆಡುವುದು ಹೇಗೆಂಬ ಸಂಕೋಚ. 1998ರಲ್ಲಿ ಆಕೆಯನ್ನು ನನ್ನ ಆಸ್ಪತ್ರೆಗೆ ಕರೆತಂದಾಗ ರೋಗ ಮೂರನೆಯ ಹಂತ ದಾಟಿತ್ತು. ಆಕೆಯ ಸ್ಲೈಡನ್ನು ನೋಡಿದವಳು ನಾನೇ. ಹದಿನಾಲ್ಕು ತಿಂಗಳ ಬಳಿಕ ಅಕ್ಕ ಇಲ್ಲವಾದಳು.

ಸಂಕೋಚವೆಂದೆ, ವೈದ್ಯರೆಂದೆ. ನನ್ನ ತಪ್ಪನ್ನು ಹೇಳದೆ ಅವರ ತಪ್ಪನ್ನು ಹೇಳಿದರೆ ನ್ಯಾಯವಾಗದು. ಸಾವಿರಾರು ಅಪರಿಚಿತ ಹೆಂಗಸರ ಕೋಶಗಳನ್ನು ಓದುತ್ತಿದ್ದ ನಾನು ಒಡಹುಟ್ಟಿದವಳನ್ನು ಒಮ್ಮೆಯೂ ಪರೀಕ್ಷೆಗೆ ಕರೆದಿರಲಿಲ್ಲ. ಅಷ್ಟೇಕೆ, ನಾನೂ ಅದುವರೆಗೆ ಆ ಪರೀಕ್ಷೆ ಮಾಡಿಸಿಕೊಂಡಿರಲಿಲ್ಲ. ಪಾಪನಿಕೊಲಾವ್ ತನ್ನ ವಿದ್ಯೆಯನ್ನು ಮನೆಯಿಂದ ಆರಂಭಿಸಿದ್ದ. ನನ್ನ ವಿದ್ಯೆ ಪ್ರಯೋಗಾಲಯದ ಹೊಸ್ತಿಲು ದಾಟಿ ಮನೆಗೆ ಬಂದಿರಲಿಲ್ಲ.

ಈ ರೋಗದ ವಿಷಯದಲ್ಲಿ ಇದು ಕ್ಷಮಿಸಲಾಗದ ಉದಾಸೀನ. ಏಕೆಂದರೆ ಇದು ಒಂದು ರಾತ್ರಿಯಲ್ಲಿ ಬರುವ ಕಾಯಿಲೆಯಲ್ಲ. ಎಚ್‌ಪಿವಿ ಎಂಬ ವೈರಾಣುವಿನ ದೀರ್ಘಕಾಲದ ಸೋಂಕು ಇದರ ಮೂಲವೆಂದು ತೋರಿಸಿದ ಹರಾಲ್ಡ್ ತ್ಸುರ್ ಹೌಸೆನ್ ಅವರಿಗೆ 2008ರಲ್ಲಿ ನೊಬೆಲ್ ಬಂತು. ಸೋಂಕು ತಗುಲಿ ಕ್ಯಾನ್ಸರ್ ಆಗಿ ಬಲಿಯಲು ಸಾಮಾನ್ಯವಾಗಿ ಹತ್ತು ಹದಿನೈದು ವರ್ಷಗಳೇ ಬೇಕು. ಆ ಅವಧಿಯಲ್ಲಿ ಪತ್ತೆಯಾದರೆ ಹೆಚ್ಚಿನವರಿಗೆ ಗರ್ಭಕೋಶ ತೆಗೆಯದೆ, ಆಸ್ಪತ್ರೆಯಲ್ಲಿ ಉಳಿಯದೆ ಸರಳ ಚಿಕಿತ್ಸೆ ಸಾಕಾಗುತ್ತದೆ. ಇಷ್ಟು ಕಾಲಾವಕಾಶ ಕೊಡುವ ಶತ್ರು ಕ್ಯಾನ್ಸರುಗಳಲ್ಲಿ ಅಪರೂಪ.

ಆದರೂ 2022ರ ಅಂದಾಜಿನಂತೆ ಭಾರತದಲ್ಲಿ ಒಂದೇ ವರ್ಷದಲ್ಲಿ ಸುಮಾರು 1.27 ಲಕ್ಷ ಹೆಂಗಸರಿಗೆ ಈ ಕ್ಯಾನ್ಸರ್ ತಗುಲಿತು. ಸುಮಾರು 80 ಸಾವಿರ ಮಂದಿ ಸತ್ತರು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 30ರಿಂದ 49 ವರ್ಷದೊಳಗಿನ ಹೆಂಗಸರಲ್ಲಿ ಬದುಕಿನಲ್ಲಿ ಒಮ್ಮೆಯಾದರೂ ಗರ್ಭಕಂಠದ ತಪಾಸಣೆ ಮಾಡಿಸಿಕೊಂಡವರು ಶೇ 1.9, ಸ್ತನ ಪರೀಕ್ಷೆ ಮಾಡಿಸಿಕೊಂಡವರು ಶೇ 0.9. ಇತ್ತ 2030ರ ಹೊತ್ತಿಗೆ ಶೇ 70ರಷ್ಟು ಹೆಂಗಸರು 35ನೇ ವಯಸ್ಸಿನೊಳಗೆ ಒಮ್ಮೆ, 45ರೊಳಗೆ ಮತ್ತೊಮ್ಮೆ ತಪಾಸಣೆಗೆ ಒಳಗಾಗಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಗುರಿ ಇಟ್ಟಿದೆ.

ಪ್ರಯೋಗಾಲಯವಿಲ್ಲದ ಊರಿನಲ್ಲಿ ಏನು ಮಾಡಬೇಕೆಂದು ಕೇಳುವವರಿಗೆ ನಮ್ಮ ನೆಲದಲ್ಲೇ ಉತ್ತರ ಸಿಕ್ಕಿದೆ. ಗರ್ಭಕಂಠಕ್ಕೆ ತೆಳುವಾದ ಅಸಿಟಿಕ್ ಆಮ್ಲ ಸವರಿ, ಬಿಳುಪಾಗುವ ಭಾಗವನ್ನು ಬರಿಗಣ್ಣಿನಿಂದ ಗುರುತಿಸುವ ವಿಧಾನವನ್ನು ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತೆಯರೇ ಮುಂಬೈನ ಕೊಳೆಗೇರಿಗಳಲ್ಲಿ ನಡೆಸಿದಾಗ ಸಾವಿನ ಪ್ರಮಾಣ ಶೇ 31ರಷ್ಟು ಇಳಿಯಿತು. ಮಹಾರಾಷ್ಟ್ರದ ಉಸ್ಮಾನಾಬಾದ್ ಜಿಲ್ಲೆಯ ಹಳ್ಳಿಗಳಲ್ಲಿ ಒಂದೇ ಸುತ್ತಿನ ಎಚ್‌ಪಿವಿ ಪರೀಕ್ಷೆ ಸಾವುಗಳನ್ನು ಸುಮಾರು ಅರ್ಧಕ್ಕಿಳಿಸಿತೆಂದು 2009ರಲ್ಲಿ ಪ್ರಕಟವಾಯಿತು. 30ರಿಂದ 65 ವರ್ಷದ ಹೆಂಗಸರಿಗೆ ಐದು ವರ್ಷಕ್ಕೊಮ್ಮೆ ಈ ಆಮ್ಲ ಪರೀಕ್ಷೆ ಆಗಬೇಕೆಂದು ಕೇಂದ್ರ ಸರ್ಕಾರ 2016ರಲ್ಲೇ ಮಾರ್ಗಸೂಚಿ ಹೊರಡಿಸಿದೆ. 2022ರಲ್ಲಿ ದೇಶದಲ್ಲೇ ತಯಾರಾದ ಲಸಿಕೆಗೂ ಅನುಮತಿ ದೊರೆತಿದೆ. ಲಸಿಕೆ ಮುಂದಿನ ಪೀಳಿಗೆಯನ್ನು ಕಾಯಬಲ್ಲದು. ಇಂದು ನಲವತ್ತು ದಾಟಿದವರನ್ನು ಕಾಯಬೇಕಾದದ್ದು ತಪಾಸಣೆಯೇ.

ಪ್ಯಾಪ್ ಪರೀಕ್ಷೆ ಪರಿಪೂರ್ಣವಲ್ಲ. ಕೆಲವು ಸಲ ಅದರ ಕಣ್ಣು ತಪ್ಪುತ್ತದೆ. ಎಚ್‌ಪಿವಿ ಪರೀಕ್ಷೆಯೇ ಮೊದಲ ಆಯ್ಕೆಯಾಗಲಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದೆ. ಪಾಪನಿಕೊಲಾವ್‌ನ ಹೆಸರು ಹೊತ್ತ ಸ್ಲೈಡು ಮುಂದೊಂದು ದಿನ ಮೂಲೆಗೆ ಸರಿಯಬಹುದು. ಆದರೆ ನೋವಿಲ್ಲದಾಗಲೇ ನೋಡಬೇಕು ಎಂಬ ಆತನ ಪಾಠ ಹಳತಾಗುವುದಿಲ್ಲ. ಮುಟ್ಟು ನಿಂತ ಮೇಲೆ ರಕ್ತ ಕಂಡರಂತೂ ತಪಾಸಣೆಯ ಸರದಿಗೆ ಕಾಯದೆ ಅಂದೇ ವೈದ್ಯರನ್ನು ಕಾಣಬೇಕು.

ನಮ್ಮ ಮನೆಗಳಲ್ಲಿ ಕಾರಿನ ಸರ್ವೀಸಿನ ದಿನ ಎಲ್ಲರಿಗೂ ನೆನಪಿರುತ್ತದೆ. ಅಮ್ಮನ, ಅತ್ತೆಯ, ಅಡುಗೆಗೆ ಬರುವ ಹೆಣ್ಣುಮಗಳ ತಪಾಸಣೆಯ ದಿನ ಯಾರ ಕ್ಯಾಲೆಂಡರಿನಲ್ಲೂ ಇರುವುದಿಲ್ಲ. ಅಕ್ಕ ಹೋದ ವರ್ಷದಿಂದ ನಾನೊಂದು ರೂಢಿ ಇಟ್ಟುಕೊಂಡಿದ್ದೇನೆ. ಗೌರಿ ಹಬ್ಬಕ್ಕೆ ಬಾಗಿನ ಕೊಡುವ ಹೆಂಗಸರಿಗೆಲ್ಲ ಕಡೆಯ ತಪಾಸಣೆ ಯಾವಾಗ ಆಯಿತೆಂದು ಕೇಳುತ್ತೇನೆ. ಮೊದಮೊದಲು ನಕ್ಕು ಮಾತು ಮರೆಸುತ್ತಿದ್ದರು. ಈಗ ಕೆಲವರು ತಾವಾಗಿಯೇ ಉತ್ತರ ಹೇಳುತ್ತಾರೆ. ಅಕ್ಕನ ಮಗಳು ಕಳೆದ ಸಲ ವರದಿಯನ್ನೇ ಕೈಯಲ್ಲಿ ಹಿಡಿದು ಬಂದಿದ್ದಳು.